ಹದಿನೇಳು ಕಂದು ಚುಕ್ಕೆಗಳು

ಫೆಬ್ರವರಿ 9, ಭಾನುವಾರ

ಪ್ರೀತಿಯ ಸೂಜಿ,

ಮೊದಲು ಮನಸಾರೆ ಬೈದು ಮುಗಿಸು, ಆಮೇಲೆ ಓದು. ನಿನ್ನ ಪತ್ರ ಬಂದು ಮೂರು ತಿಂಗಳಾಯಿತು. ಕಣ್ಣಿಗೆ ಬೀಳುತ್ತಿರಲಿ ಎಂದು ಅದನ್ನು ಅಡುಗೆಮನೆಯ ಗಡಿಯಾರದ ಹಿಂದೆ ಸಿಕ್ಕಿಸಿಟ್ಟೆ. ಅಂದಿನಿಂದ ಗಂಟೆ ನೋಡಿದಾಗಲೆಲ್ಲ ತಪ್ಪು ಮಾಡಿದವಳ ಹಾಗೆ ಮುಖ ತಿರುಗಿಸಿಕೊಂಡು ಓಡಾಡುತ್ತಿದ್ದೇನೆ. ನಿನ್ನ ಮಂಡಿನೋವು ಹೇಗಿದೆ? ಸೊಸೆ ಹೊಸ ಕೆಲಸಕ್ಕೆ ಹೊಂದಿಕೊಂಡಳೇ? ಮೊಮ್ಮಗಳು ಈಗಲೂ ಎಡಗೈಯಲ್ಲೇ ಬರೆಯುತ್ತಾಳೋ, ಶಾಲೆಯವರು ಕೈ ಬದಲಾಯಿಸಿಬಿಟ್ಟರೋ? ಒಂದೊಂದಕ್ಕೂ ಒಂದೊಂದು ಸಾಲಾದರೂ ಬರೆ.

ಇಲ್ಲಿಯ ದೊಡ್ಡ ಸುದ್ದಿ ಎಂದರೆ ನಾನು ಮತ್ತೆ ವಿದ್ಯಾರ್ಥಿನಿಯಾಗಿದ್ದೇನೆ. ನಗಬೇಡ. ನಮ್ಮಂಥ ನಿವೃತ್ತರನ್ನೂ ವಿಶ್ವವಿದ್ಯಾಲಯದಲ್ಲಿ ಸೇರಿಸಿಕೊಳ್ಳುತ್ತಾರೆ, ವಾರಕ್ಕೆ ಎರಡು ಮಧ್ಯಾಹ್ನ ಪಾಠ. ನಾನು ಹೋಗಿದ್ದು ತೋಟಗಾರಿಕೆಗೆ ಸೇರೋಣ ಎಂದು. ಅಲ್ಲಿ ಜಾಗ ತುಂಬಿಹೋಗಿತ್ತು. ಗುಮಾಸ್ತ ಪಟ್ಟಿಯ ಮೇಲೆ ಬೆರಳಾಡಿಸಿ, "ಇದರಲ್ಲಿ ಬೇಕಾದಷ್ಟು ಜಾಗ ಇದೆ ಅಮ್ಮಾ" ಎಂದ. ನೋಡಿದರೆ ವಿಜ್ಞಾನದ ತತ್ವಶಾಸ್ತ್ರ. ಅದೇನು ಎಂದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಬರಿಗೈಲಿ ಮನೆಗೆ ಹೋಗಲು ಮನಸ್ಸಾಗದೆ ಅರ್ಜಿ ತುಂಬಿಕೊಟ್ಟು ಬಂದೆ.

ನಮ್ಮನೆಯವರಿಗೆ ಹೇಳಿದಾಗ ಅವರು ಷೂಗೆ ಪಾಲಿಶ್ ಹಾಕುತ್ತಿದ್ದರು. ಬಸ್ಸು ಓಡಿಸುವುದು ಬಿಟ್ಟು ಆರು ವರ್ಷವಾದರೂ ಅವರ ಭಾನುವಾರದ ಪಾಲಿಶ್ ತಪ್ಪಿಲ್ಲ. ತಲೆ ಎತ್ತದೆಯೇ, ಮೂವತ್ತು ವರ್ಷ ಮೊಳಕೆ ಎಣಿಸಿದ್ದು ಸಾಲದೆ ಈಗ ಯಾಕೆ ಎಣಿಸಿದೆ ಎಂದು ಓದಲು ಹೊರಟಿದ್ದೀಯಲ್ಲ ಎಂದರು. ಅವರ ಬಾಯಿಗೆ ಬಂದ ಆ ಮಾತೇ ನನ್ನ ಪಠ್ಯಕ್ರಮದ ಸಾರಾಂಶ ಎಂದು ಆಮೇಲೆ ತಿಳಿಯಿತು.

ತರಗತಿ ಮೂರನೆಯ ಮಹಡಿಯಲ್ಲಿದೆ. ಲಿಫ್ಟು ಎರಡನೆಯದಕ್ಕೇ ನಿಂತುಬಿಡುತ್ತದೆ. ಕಿಟಕಿಯ ಚಿಲಕ ಹೋಗಿದೆ, ಅದನ್ನು ಯಾರೋ ಹಳೆಯ ಚಾರ್ಜರ್ ವೈರಿನಿಂದ ಬಿಗಿದು ಕಟ್ಟಿದ್ದಾರೆ. ನಾವು ಹನ್ನೊಂದು ಜನ. ಮೇಡಂ ನನ್ನ ಮಗಳಿಗಿಂತ ಒಂದೆರಡು ವರ್ಷ ದೊಡ್ಡವರಿರಬಹುದು, ಕೂದಲಲ್ಲಿ ಯಾವಾಗಲೂ ಸೀಮೆಸುಣ್ಣದ ಪುಡಿ. ಮೊದಲ ದಿನವೇ ಅವರು ಕೇಳಿದ ಪ್ರಶ್ನೆ, ನೋಡುವುದು ಎಂದರೇನು? ಮುಂದಿನ ಸಾಲಿನವನೊಬ್ಬ ಬೆಳಕು ಕಣ್ಣಿಗೆ ಬೀಳುವುದು, ನರ ಮಿದುಳಿಗೆ ಹೇಳುವುದು ಎಂದು ಶುರುಮಾಡಿದ. ನನ್ನ ಬಾಯಿ ನಿನಗೆ ಗೊತ್ತಲ್ಲ, ಕೈಯನ್ನೂ ಎತ್ತದೆ ಹಿಂದಿನ ಬೆಂಚಿನಿಂದ ಹೇಳಿಬಿಟ್ಟೆ, "ಎಂಟು ದಿನದ ಬಟಾಣಿ ಸಸಿ ನೋಡೋದು ಕಲಿಯೋಕೆ ನನಗೆ ಎರಡು ವರ್ಷ ಹಿಡೀತು." ಹತ್ತು ತಲೆಗಳು ಒಟ್ಟಿಗೆ ಹಿಂದಕ್ಕೆ ತಿರುಗಿದವು. ಮೇಡಂ ಸೀಮೆಸುಣ್ಣ ಕೆಳಗಿಟ್ಟು, ಮುಂದೆ ಹೇಳಿ ಎಂದರು.

ಹೇಳಿದೆ. ಬೀಜ ಪರೀಕ್ಷಾಲಯದ ನಮ್ಮ ಉದ್ದನೆಯ ಮೇಜು, ಒದ್ದೆ ಕಾಗದದ ಮೇಲೆ ನೂರು ಬೀಜ ಜೋಡಿಸಿದ ತಟ್ಟೆ, ಒಂದು ಮಾದರಿಗೆ ಅಂಥ ನಾಲ್ಕು ತಟ್ಟೆ, ಎಂಟನೆಯ ದಿನ ಎಣಿಕೆ. ಮೊಳೆತದ್ದನ್ನೆಲ್ಲ ಎಣಿಸುವ ಹಾಗಿಲ್ಲ, ಮುಂದೆ ಮಣ್ಣಿನಲ್ಲಿ ನಿಲ್ಲಬಲ್ಲ ಸಸಿಯನ್ನು ಮಾತ್ರ ಎಣಿಸಬೇಕು, ಬೇರು ಕೊಳೆತದ್ದು, ಕಾಂಡ ತಿರುಚಿದ್ದು ಊನದ ಪಟ್ಟಿಗೆ. ನಾಲ್ಕು ತಟ್ಟೆಗಳಲ್ಲಿ ಒಂದು ತೀರಾ ಬೇರೆ ಬಂದರೆ ನಾನೂರನ್ನೂ ಹೊಸದಾಗಿ ಇಟ್ಟು ಮತ್ತೆ ಎಂಟು ದಿನ ಕಾಯಬೇಕು. ಮೊದಲನೆಯವಳು ಎಣಿಸಿ ಅಂಕಿಯನ್ನು ಗಟ್ಟಿಯಾಗಿ ಕೂಗುವುದು, ಎರಡನೆಯವಳು ಅದೇ ತಟ್ಟೆಯನ್ನು ಮತ್ತೆ ಎಣಿಸಿ, ತನಗೂ ಅದೇ ಅಂಕಿ ಬಂದರೆ "ಸೇರಿತು" ಎನ್ನುವುದು. ಇಬ್ಬರ ಸಹಿ ಬಿದ್ದರೆ ಅದು ವಿಜ್ಞಾನ.

ಅಲ್ಲಿ ಮೇಡಂ ನನ್ನನ್ನು ತಡೆದರು. ಎರಡನೆಯವರು ಎಣಿಸುವ ಮೊದಲೇ ಅವರಿಗೆ ಅಂಕಿ ಕೇಳಿಸಿರುತ್ತಿತ್ತೇ ಎಂದು ಕೇಳಿದರು. ಹೌದು, ಕೂಗುತ್ತಿದ್ದೆವಲ್ಲ ಎಂದೆ. ಹಾಗೆಂದ ಮೇಲೆ ನನಗೇ ಒಂಥರಾ ಆಯಿತು. ಮೂವತ್ತು ವರ್ಷದಲ್ಲಿ ಒಂದು ಸಲವೂ ಅದು ತಲೆಗೆ ಹೊಳೆದಿರಲಿಲ್ಲ ಕಣೇ. ಹನ್ನೊಂದು ವರ್ಷ ನೀನೂ ನಾನೂ ಆ ಮೇಜಿಗೆ ಅಂಟಿಕೊಂಡು ಕೂತಿದ್ದಕ್ಕೆ ಎಲ್ಲರೂ ಸೂಜಿ ದಾರ ಎಂದು ಕರೆಯುತ್ತಿದ್ದರು. ನಾನು ಕೂಗುತ್ತಿದ್ದೆ, ನೀನು ಸೂಜಿಯ ಮೊನೆಯಲ್ಲಿ ಒಂದೊಂದೇ ಬೇರು ಎತ್ತಿ ನೋಡುತ್ತಿದ್ದೆ. ಇಡೀ ಕೋಣೆಯಲ್ಲಿ "ಸೇರಿತು" ಎನ್ನಲು ಹೊತ್ತು ಮಾಡುತ್ತಿದ್ದವಳು ನೀನೊಬ್ಬಳೇ. ಊಟಕ್ಕೆ ಹೋಗಲು ತಡವಾಗುತ್ತದೆ ಎಂದು ನಾವೆಲ್ಲ ಗೊಣಗುತ್ತಿದ್ದೆವು.

ಈಗ ವಿಷಯಕ್ಕೆ ಬರುತ್ತೇನೆ. ಮಾರ್ಚ್ ಮೊದಲ ವಾರದೊಳಗೆ ಪ್ರತಿಯೊಬ್ಬರೂ ನಮ್ಮ ಸಂಶೋಧನಾ ಆಸಕ್ತಿಗಳನ್ನು ಒಂದು ಪುಟದಲ್ಲಿ ಬರೆದುಕೊಡಬೇಕು. ಪುಟ ಚೆನ್ನಾಗಿದ್ದರೆ ಮೇಡಂ ತಮ್ಮ ಕೈಕೆಳಗೆ ಎರಡು ವರ್ಷದ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ಹುಡುಗರೆಲ್ಲ ದೇಶಕಾಲ, ಕಾರ್ಯಕಾರಣ ಎಂದು ಬರೆಯುತ್ತಿದ್ದಾರೆ. ನಾನು ಬರೆದದ್ದನ್ನು ಓದುತ್ತೇನೆ ಕೇಳು: ಇಬ್ಬರು ಒಂದೇ ಅಂಕಿ ಹೇಳಿದರೆ ಅದು ಯಾವಾಗ ಎರಡು ಸಾಕ್ಷಿ, ಯಾವಾಗ ಒಂದೇ? ಸಸಿ ಮುಂದೆ ನಿಲ್ಲುತ್ತದೆ ಎನ್ನುವಾಗ ನಾವು ಇರುವುದನ್ನು ನೋಡುತ್ತಿದ್ದೇವೋ, ಬರಲಿರುವುದನ್ನು ಊಹಿಸುತ್ತಿದ್ದೇವೋ? ಎಲ್ಲರಿಗಿಂತ ಬೇರೆ ಎಣಿಸಿದವಳು ತಪ್ಪಿದ್ದಾಳೆಂದು ಯಾರು, ಹೇಗೆ ತೀರ್ಮಾನಿಸುತ್ತಾರೆ?

ಮೂರನೆಯ ಪ್ರಶ್ನೆ ನಿನ್ನದು. ಆ ತಟ್ಟೆಯ ಕಥೆ ಇಲ್ಲದೆ ಅದು ನಿಲ್ಲುವುದಿಲ್ಲ. ಇಪ್ಪತ್ತೆರಡು ವರ್ಷದ ಹಿಂದಿನ ಬಟಾಣಿ, ನಾಲ್ಕನೆಯ ತಟ್ಟೆ. ನಾನು ಎಂಬತ್ತಾರು ಎಂದು ಕೂಗಿದೆ, ನೀನು ಅರವತ್ತೊಂಬತ್ತು ಎಂದೆ. ಹದಿನೇಳು ಸಸಿಗಳ ಬೇರಿನ ತುದಿಯಲ್ಲಿ ಕಂದು ಚುಕ್ಕೆ ಇದೆ, ಅವು ನಿಲ್ಲುವುದಿಲ್ಲ ಎಂದು ಹಟ ಹಿಡಿದೆ. ಮೇಲ್ವಿಚಾರಕರು ತಟ್ಟೆಯ ಮೇಲೆ ಒಂದು ಸಲ ಬಗ್ಗಿ, ತಮಗೂ ಏನೂ ಕಾಣುತ್ತಿಲ್ಲ, ನಿನ್ನ ಕಣ್ಣು ತೋರಿಸಿಕೊಳ್ಳುವುದು ಒಳ್ಳೆಯದು ಎಂದು ಹೇಳಿ ಹೋದರು. ನೀನು ಹೋಗಿ ತೋರಿಸಿಕೊಂಡೆ. ದೋಷವೇನೂ ಇಲ್ಲ ಎಂದ ಕಣ್ಣಿನ ಡಾಕ್ಟರರ ಹತ್ತಿರವೇ ಜಗಳವಾಡಿ ಕನ್ನಡಕ ಬರೆಸಿಕೊಂಡು ಬಂದೆಯಂತೆ. ಆ ವಾರವೇ ದಾಸ್ತಾನು ಕೋಣೆಗೆ ಹಾಕಿ ಎಂದು ನೀನೇ ಅರ್ಜಿ ಬರೆದುಕೊಟ್ಟೆ. ನಿವೃತ್ತಿಯವರೆಗೆ ಚೀಲಗಳಿಗೆ ಚೀಟಿ ಅಂಟಿಸಿದೆ. ಮತ್ತೆಂದೂ ಒಂದು ಮೊಳಕೆಯನ್ನೂ ಎಣಿಸಲಿಲ್ಲ.

ಇದನ್ನು ಬರೆಯಲು ನಿನ್ನ ಒಪ್ಪಿಗೆ ಬೇಕು. ಒಪ್ಪಿಗೆಗಿಂತ ಹೆಚ್ಚಾಗಿ ನೀನೇ ಬೇಕು. ಹಳೆಯ ಪರೀಕ್ಷಾಲಯದಲ್ಲಿ ಕೂಗದೆ ಎಣಿಸಿ ನೋಡೋಣ ಎಂದುಕೊಂಡಿದ್ದೇನೆ, ಅಲ್ಲಿಯವರು ಒಪ್ಪಿದ್ದಾರೆ. ಸೂಜಿ ಹಿಡಿದು ನೀನು ಬಂದು ನನ್ನ ಪಕ್ಕ ಕೂತರೆ ಪುಟದ ಮೇಲೆ ಇಬ್ಬರ ಹೆಸರೂ ಹಾಕುತ್ತೇನೆ. ಬರುತ್ತೀಯಾ? ಬೇಗ ಬರೆ, ನನ್ನ ಹಾಗೆ ಗಡಿಯಾರದ ಹಿಂದೆ ಇಡಬೇಡ.

ನಿನ್ನ,
ದಾರ

.

ಮಾರ್ಚ್ 2, ಭಾನುವಾರ

ಪ್ರೀತಿಯ ಸೂಜಿ,

ನಿನ್ನ ಕಾರ್ಡು ಬಂದು ಹನ್ನೆರಡು ದಿನವಾಯಿತು. ಈ ಸಲದ ವಿಳಂಬಕ್ಕೆ ಕ್ಷಮೆ ಕೇಳಲು ಬಾಯಿಲ್ಲ. ಮಂಡಿಗೆ ಹೊಸ ಎಣ್ಣೆ ಹಿಡಿಸಿದ್ದು ಕೇಳಿ ಸಮಾಧಾನವಾಯಿತು. ಮೊಮ್ಮಗಳು ಎಡಗೈ ಬಿಡಲಿಲ್ಲ ಎನ್ನುವುದು ಅದಕ್ಕಿಂತ ಒಳ್ಳೆಯ ಸುದ್ದಿ. ಉಳಿದ ಎರಡು ಸಾಲು ಮಾತ್ರ ನನ್ನನ್ನು ಬಿಡುತ್ತಿಲ್ಲ. "ಕಥೆ ಬೇಕಾದರೆ ಬರೆದುಕೋ. ಎಣಿಸುವುದಕ್ಕೆ ನನ್ನನ್ನು ಕರೆಯಬೇಡ, ನನ್ನ ಕಣ್ಣು ಆಗಲೇ ಕೆಟ್ಟಿತ್ತು, ದಾರ ಎಣಿಸಿದ್ದೇ ಸರಿ." ಇಷ್ಟು ಬರೆದು ಕೆಳಗೆ ನಗುವ ಮುಖ ಬಿಡಿಸಿದ್ದೀಯ. ಆ ಮುಖವನ್ನು ನೋಡಲು ನನ್ನಿಂದ ಆಗಲಿಲ್ಲ.

ಇರಲಿ, ಮೊದಲು ಪ್ರಯೋಗದ ವರದಿ ಕೊಡುತ್ತೇನೆ, ನಿನಗೆ ಕುತೂಹಲ ಇಲ್ಲದೆ ಇರುವುದಿಲ್ಲ. ನಮ್ಮ ಪರೀಕ್ಷಾಲಯಕ್ಕೆ ಹೊಸ ಸುಣ್ಣ ಬಳಿದಿದ್ದಾರೆ. ಗೋಡೆ ಬದಲಾದರೂ ವಾಸನೆ ಬದಲಾಗಿಲ್ಲ, ಬಾಗಿಲು ತೆಗೆದ ತಕ್ಷಣ ಅದೇ ಒದ್ದೆ ಕಾಗದ, ಅದೇ ಹಸಿ ಬೇರು. ಮೇಜಿನ ಅಂಚಿನಲ್ಲಿ ನೀನು ಸೂಜಿ ಚುಚ್ಚಿಡುತ್ತಿದ್ದ ತೂತು ಹಾಗೇ ಇದೆ. ಬೆರಳಿಟ್ಟು ನೋಡಿದೆ. ಈಗ ಎಣಿಸುವವರು ಇಬ್ಬರು, ಒಬ್ಬಳು ನೀಳಕಾಯದವಳು, ಇನ್ನೊಬ್ಬಳು ಇಡೀ ದಿನ ಏನಾದರೂ ಗುನುಗುತ್ತಲೇ ಇರುತ್ತಾಳೆ. ಅವರೂ ಕೂಗುತ್ತಾರೆ, ಅವರೂ "ಸೇರಿತು" ಎನ್ನುತ್ತಾರೆ. ಯಾರು ಕಲಿಸಿದರು ಎಂದು ಕೇಳಿದರೆ ಹಿಂದಿನವರು ಎಂದರು. ಹಿಂದಿನವರು ಎಂದರೆ ನಾನೇ.

ಮೊದಲು ರೂಢಿಯಂತೆ ನಲವತ್ತು ತಟ್ಟೆ ಎಣಿಸಲು ಅವರಿಗೆ ಹೇಳಿದೆವು. ಮೂವತ್ತೊಂಬತ್ತು ಸೇರಿತು. ನನ್ನ ಜೊತೆ ಬಂದಿದ್ದ ಮೇಡಂ ಗೋಡೆಗೊರಗಿ ಬರೆದುಕೊಂಡರು. ಮರುದಿನ ಬೇರೆ ನಲವತ್ತು ತಟ್ಟೆ. ಈ ಸಲ ಕೂಗುವ ಹಾಗಿಲ್ಲ, ಚೀಟಿಯಲ್ಲಿ ಬರೆದು ಮಡಚಿ ಡಬ್ಬಕ್ಕೆ ಹಾಕಬೇಕು. ಗುನುಗುವವಳಿಗೆ ಗುನುಗುವುದೂ ನಿಂತುಹೋಯಿತು. ಮೊದಲನೆಯ ದಿನ ಮಧ್ಯಾಹ್ನದೊಳಗೆ ಮುಗಿದ ಕೆಲಸ ಆವತ್ತು ಸಂಜೆಯವರೆಗೆ ಎಳೆಯಿತು. ಎರಡನೆಯವಳು ನಿಜವಾಗಿಯೂ ಎಣಿಸಬೇಕಾಯಿತಲ್ಲ, ಅದಕ್ಕೆ. ಚೀಟಿ ಬಿಚ್ಚಿ ನೋಡಿದರೆ ಸೇರಿದ್ದು ಹದಿನಾಲ್ಕೇ.

ಮೇಡಂ ಮುಖ ನೋಡಬೇಕಿತ್ತು ನೀನು, ಮಿಠಾಯಿ ಸಿಕ್ಕ ಮಗುವಿನ ಹಾಗೆ ಅರಳಿತ್ತು. ಗುನುಗುವವಳ ಮುಖ ಮಾತ್ರ ಬಿಳಿಚಿಕೊಂಡಿತು. ತಟ್ಟೆಗಳನ್ನೇ ನೋಡುತ್ತ, "ಹಾಗಾದ್ರೆ ಇಷ್ಟು ವರ್ಷ ನಾವು ಬರೆದಿದ್ದೆಲ್ಲ ಸುಳ್ಳಾ?" ಎಂದಳು. ಮೇಡಂ ಅವಳ ಪಕ್ಕ ಹೋಗಿ ಕೂತರು. "ಸುಳ್ಳಲ್ಲಮ್ಮ. ಒಬ್ಬರು ಎಣಿಸಿದ್ದನ್ನ ಇಬ್ಬರು ಎಣಿಸಿದ್ದು ಅಂತ ಬರೆದಿದ್ದೀರಿ, ಅಷ್ಟೇ." ಅಷ್ಟೇ ಎಂದರು.

ಹಾಗಾದರೆ ಯಾರ ಎಣಿಕೆ ಸರಿ? ಇದನ್ನು ಕೇಳಿದ್ದೂ ಗುನುಗುವವಳೇ, ಮೇಡಂ ಅಲ್ಲ. ಪರೀಕ್ಷಾಲಯದಿಂದ ಹೊರಬಿದ್ದ ಬೀಜ ಎಲ್ಲಿಗೆ ಹೋಯಿತು, ಎಷ್ಟು ನಿಂತಿತು ಎನ್ನುವುದು ನಮಗೆ ಎಂದಾದರೂ ತಿಳಿದಿದೆಯೇ? ಎಣಿಸಿದೆವು, ಬುಟ್ಟಿಗೆ ಸುರಿದೆವು. ಈ ಸಲ ಸುರಿಯಲಿಲ್ಲ. ಸೇರದ ತಟ್ಟೆಗಳ ಒಂದೊಂದು ಸಸಿಯನ್ನೂ ಇಬ್ಬರಿಗೆ ತೋರಿಸಿ ಕೇಳಿ, ವ್ಯತ್ಯಾಸ ಬಂದವುಗಳಲ್ಲಿ ಇಪ್ಪತ್ತಮೂರನ್ನು ಆರಿಸಿ ಮರಳಿನ ಕುಂಡಗಳಲ್ಲಿ ನೆಟ್ಟೆವು. ಅಷ್ಟನ್ನೂ ನೀಳಕಾಯದವಳು ಊನ ಎಂದಿದ್ದಳು, ಗುನುಗುವವಳು ಸರಿ ಎಂದಿದ್ದಳು. ಊನ ಯಾಕೆ ಎಂದು ಕೇಳಿದರೆ ಅವಳು ಬೇರಿನ ತುದಿ ತೋರಿಸಿದಳು. ಕಂದು ಚುಕ್ಕೆ, ಸೂಜಿಯ ಮೊನೆಯಷ್ಟು. ಬೆಳಕಿಗೆ ಅಡ್ಡ ಹಿಡಿದರೆ ಕಾಣುತ್ತದೆ, ನೇರ ಹಿಡಿದರೆ ಇಲ್ಲ.

ಹತ್ತು ದಿನ ನಾನು ದಿನಾ ಬೆಳಿಗ್ಗೆ ಎರಡು ಬಸ್ಸು ಬದಲಾಯಿಸಿ ಆ ಕುಂಡ ನೋಡಲು ಹೋದೆ. ನಮ್ಮನೆಯವರು ಎರಡು ದಿನ ತಮಾಷೆ ಮಾಡಿದರು, ಮೂರನೆಯ ದಿನ ತಾವೂ ಹೊರಟರು. ಅಲ್ಲಿ ಒಂದು ಸಸಿಯ ಪಕ್ಷ ವಹಿಸಿ, ಇದು ನಿಂತೇ ನಿಲ್ಲುತ್ತದೆ ಎಂದು ನೀಳಕಾಯದವಳ ಜೊತೆ ಪಂಥ ಕಟ್ಟಿ ಸೋತರು. ಇಪ್ಪತ್ತಮೂರರಲ್ಲಿ ಹದಿನೆಂಟು ಬಿದ್ದುಹೋದವು. ಐದು ನಿಂತವು. ಯಾಕೆ ನಿಂತವು ಎಂದು ಯಾರಿಗೂ ಗೊತ್ತಿಲ್ಲ, ಆ ಐದಕ್ಕಾಗಿಯೇ ಮೇಡಂ ಇನ್ನೊಂದು ಪ್ರಯೋಗ ಮಾಡೋಣ ಎನ್ನುತ್ತಿದ್ದಾರೆ. ಎಲ್ಲ ಬಿದ್ದಿದ್ದರೆ ಇಷ್ಟು ಖುಷಿಪಡುತ್ತಿರಲಿಲ್ಲವೇನೋ. ಆದರೆ ಒಂದು ಮಾತು ಖಚಿತ, ಚುಕ್ಕೆ ಕಂಡ ಕಣ್ಣು ಬಹುಪಾಲು ಸರಿ ಕಂಡಿತ್ತು.

ಅದನ್ನು ನೋಡಿದ ಮೇಲೆ ಮೇಡಂಗೆ ನಿನ್ನ ತಟ್ಟೆಯ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ಆ ದಿನ ನಿಮ್ಮ ಕಣ್ಣಿಗೆ ಕಂಡದ್ದೆಷ್ಟು ಎಂದು ಕೇಳಿದರು. ನನ್ನ ಬಸ್ಸು ಬಂತು ಎಂದು ಎದ್ದುಬಂದೆ. ಬಸ್ಸು ಬರಲು ಇನ್ನೂ ಇಪ್ಪತ್ತು ನಿಮಿಷವಿತ್ತು. ನಿಲ್ದಾಣದಲ್ಲಿ ನಿಂತುಕೊಂಡು, ಮಗಳ ವಯಸ್ಸಿನ ಆ ಮೇಡಂ ಹುಡುಗಿಯ ಮುಂದಿನಿಂದ ಯಾಕೆ ಓಡಿಬಂದೆ ಎಂದು ಯೋಚಿಸಿದೆ. ಕೇಳುವ ಹಕ್ಕು ಇರುವವಳು ಅವಳಲ್ಲ, ಮೊದಲು ಹೇಳಬೇಕಾದದ್ದು ಬೇರೊಬ್ಬಳಿಗೆ, ಅದಕ್ಕೆ.

ನಾಡಿದ್ದು ಪುಟ ಕೊಡಬೇಕು. ಮೊದಲೆರಡು ಪ್ರಶ್ನೆಗಳನ್ನು ಅಚ್ಚುಕಟ್ಟಾಗಿ ಬರೆದಿದ್ದೇನೆ. ಮೂರನೆಯದರ ಕೆಳಗೆ ಅರ್ಧ ಪುಟ ಖಾಲಿ ಇದೆ. ನಮ್ಮನೆಯವರು ಅದನ್ನು ನೋಡಿ, "ಇದೊಂದೇ ಪ್ರಶ್ನೆ ನಿಂಗೆ ನಿಜವಾಗ್ಲೂ ಬೇಕಾಗಿರೋದು, ಅದನ್ನೇ ಬರೀದೆ ಬಿಟ್ಟಿದ್ದೀಯಲ್ಲ" ಎಂದು ಲೋಟ ಎತ್ತಿಕೊಂಡು ಹೋದರು. ನಲವತ್ತು ವರ್ಷ ರಸ್ತೆ ನೋಡಿಕೊಂಡು ಬಂದವರಿಗೆ ಬೇರೆ ಕೆಲವೂ ಕಾಣುತ್ತವೆ.

ಮೊಮ್ಮಗಳಿಗೆ ನನ್ನ ಆಶೀರ್ವಾದ ಹೇಳು. ಆ ಎಡಗೈಯಲ್ಲೇ ಅವಳು ಊರೆಲ್ಲ ಮೆಚ್ಚುವಂಥದ್ದೇನಾದರೂ ಬರೆಯಲಿ. ಸೊಸೆಗೆ ಕೆಲಸದಲ್ಲಿ ಒಳ್ಳೆಯದಾಗಲಿ. ನಿನ್ನ ಮಂಡಿ ಮೆಟ್ಟಿಲು ಹತ್ತುವಷ್ಟು ಗಟ್ಟಿಯಾಗಲಿ, ಯಾಕೆಂದರೆ ಲಿಫ್ಟು ಎರಡನೆಯ ಮಹಡಿಗೇ ನಿಲ್ಲುತ್ತದೆ ಎಂದು ಆಗಲೇ ಹೇಳಿದ್ದೇನೆ.

ನಿನ್ನ,
ದಾರ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಡಿಸಿದ್ದೇನೆ, ಅಂಚು ಹರಿದಿರುವುದು ಅದಕ್ಕೆ.

ಆ ದಿನ ನನಗೂ ಚುಕ್ಕೆ ಕಂಡಿತ್ತು. ಕೂಗುವ ಮೊದಲು ಎರಡು ಸಲ ಎಣಿಸಿದ್ದೆ, ಎರಡು ಸಲವೂ ಅರವತ್ತೊಂಬತ್ತು. ಉಳಿದ ಮೂರು ತಟ್ಟೆ ಎಂಬತ್ತೈದರ ಆಸುಪಾಸು ಇದ್ದವು. ಅರವತ್ತೊಂಬತ್ತು ಎಂದರೆ ನಾನೂರನ್ನೂ ಮತ್ತೆ ಇಡಬೇಕು, ಎಂಟು ದಿನ ರಜೆ ಸಿಗುವುದಿಲ್ಲ. ಮರುದಿನ ಬೆಳಿಗ್ಗೆ ನಮಗೆ ರೈಲು ಇತ್ತು, ಮಕ್ಕಳಿಗೆ ಮೊದಲ ಸಲ ಸಮುದ್ರ ತೋರಿಸುವುದಿತ್ತು, ಅವರಾಗಲೇ ಚೀಲ ತುಂಬಿಕೊಂಡು ಬಾಗಿಲಲ್ಲಿ ಇಟ್ಟಿದ್ದರು. ಇದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ. ನೀನೂ ಎಲ್ಲರ ಹಾಗೆ ಸೇರಿತು ಎಂದುಬಿಡುತ್ತೀಯ ಎಂದುಕೊಂಡು ಎಂಬತ್ತಾರು ಎಂದು ಕೂಗಿದೆ. ನೀನು ಎನ್ನಲಿಲ್ಲ. ಮೇಲ್ವಿಚಾರಕರು ಹೋದ ಮೇಲೆ ನನ್ನ ಕಡೆ ತಿರುಗಿ, "ನಿಂಗೆ ಚುಕ್ಕೆ ಕಾಣ್ತಿಲ್ವೇನೇ?" ಎಂದು ಕೇಳಿದೆ. ಇಲ್ಲ ಕಣೇ ಎಂದೆ.

ಸಮುದ್ರ ನೋಡಿ ಬರುವಷ್ಟರಲ್ಲಿ ನಿನ್ನ ಮುಖದ ಮೇಲೆ ಕನ್ನಡಕ ಇತ್ತು. ಆ ಡಾಕ್ಟರರಿಗೆ ನೀನು ಏನು ಹೇಳಿದೆ ಎಂದು ನಿನ್ನ ಜೊತೆ ಬಂದಿದ್ದ ನಿನ್ನ ಅಕ್ಕ ನನಗೆ ನಗುತ್ತ ಹೇಳಿದ್ದರು. "ನಿಮಗೇನು ಗೊತ್ತು ಡಾಕ್ಟ್ರೇ, ದಾರ ಎಣಿಸಿದ್ದಾಳೆ" ಎಂದೆಯಂತೆ. ನೀನು ನಂಬಿದ್ದು ಡಾಕ್ಟರನ್ನಲ್ಲ, ನಿನ್ನ ಕಣ್ಣನ್ನೂ ಅಲ್ಲ, ನನ್ನನ್ನು. ಆಮೇಲೆ ದಿನಾ ದಾಸ್ತಾನು ಕೋಣೆಯ ಮುಂದೆ ಹಾದುಹೋಗುವಾಗ ಹೇಳಬಹುದಿತ್ತು. ಹದಿನೆಂಟು ವರ್ಷ ಹಾದುಹೋದೆ.

ಮೂರನೆಯ ಪ್ರಶ್ನೆಯ ಕೆಳಗೆ ಇಷ್ಟನ್ನೂ ಬರೆದುಕೊಡುತ್ತೇನೆ. ಮೇಡಂ ತೆಗೆದುಕೊಂಡರೆ ತೆಗೆದುಕೊಳ್ಳಲಿ, ಬಿಟ್ಟರೆ ಬಿಡಲಿ. ಕ್ಷಮಿಸು ಎಂದು ಕೇಳಲು ನನಗೆ ಧೈರ್ಯವಿಲ್ಲ. ನಿನ್ನ ಕಣ್ಣಿಗೆ ಆಗಲೂ ಏನೂ ಆಗಿರಲಿಲ್ಲ ಸೂಜಿ. ನೀನು ಎಣಿಸಿ ಹೇಳಿದ್ದೆ, ಎರಡನೆಯವಳಾಗಿ ನಾನು ಹೇಳಬೇಕಿದ್ದ ಮಾತು ಬಾಕಿ ಉಳಿದಿತ್ತು. ಈಗ ಹೇಳುತ್ತಿದ್ದೇನೆ.

ಅರವತ್ತೊಂಬತ್ತು. ಸೇರಿತು.